ದುಡ್ಡಿಗೆ ಎಷ್ಟು ಅಂಕ? ಫುಟ್‌ಬಾಲ್ ಕ್ಲಬ್‌ಗಳ ಸಂಬಳದ ಶೀಟ್ ಕಟ್ಟಿ, ಕೆಟ್ಟಲ್ಲೆಲ್ಲ ರಿಪೇರಿ ಮಾಡಿದ ದಾಖಲೆ

ದುಡ್ಡಿರುವ ಕ್ಲಬ್ಬೇ ಗೆಲ್ಲುತ್ತದೆಯೇ? ಹೌದು ಎನ್ನುವವರು ಮಾಲೀಕರ ದುಡ್ಡಿನಿಂದ ಮೇಲೇರಿದ ಮ್ಯಾಂಚೆಸ್ಟರ್ ಸಿಟಿಯನ್ನು ತೋರಿಸುತ್ತಾರೆ, ಇಲ್ಲ ಎನ್ನುವವರು ಕಡಿಮೆ ಸಂಬಳದ ತಂಡದೊಂದಿಗೇ ಲೀಗ್ ಗೆದ್ದ 2015-16ರ ಲೆಸ್ಟರ್ ಸಿಟಿಯನ್ನು. ಎರಡು ಉದಾಹರಣೆಗಳೂ ನಿಜ, ಎರಡೂ ಒಂದೇ ಲೀಗಿನವು. ಹಾಗಾಗಿ ಉದಾಹರಣೆಗಳನ್ನು ಪಕ್ಕಕ್ಕಿಟ್ಟು ಅಳತೆಗೆ ಇಳಿಯುವುದೇ ದಾರಿ. ಆ ಅಳತೆಗೆ ಬೇಕಾದ ಸ್ಪ್ರೆಡ್‌ಶೀಟ್ ಕಟ್ಟುವ ಕ್ರಮ, ಅದು ಎಲ್ಲೆಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ, ರಿಪೇರಿ ಹೇಗೆ ಎಂಬುದೆಲ್ಲ ಇಲ್ಲಿದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಿಂದ ಶುರು ಮಾಡುವುದು ಒಳ್ಳೆಯದು. ಅಲ್ಲಿನ ಕ್ಲಬ್ ಕಂಪನಿಗಳ ಲೆಕ್ಕಪತ್ರಗಳನ್ನು ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಿಂದ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ಬೇಕಾದ ಸಾಮಾನು

ಯಾವುದಾದರೂ ಒಂದು ಸ್ಪ್ರೆಡ್‌ಶೀಟ್ ಸಾಕು, ಪ್ರೋಗ್ರಾಮಿಂಗ್ ಬೇಕಿಲ್ಲ. 20 ಕ್ಲಬ್, 10 ಋತು (ಸೀಸನ್) ಎಂದರೆ 200 ಸಾಲು. ಕಾಲಂಗಳು ಒಂಬತ್ತು: ಕ್ಲಬ್ ಸಂಕೇತ, ಋತು, ಸ್ಥಾನ, ಆಡಿದ ಪಂದ್ಯ, ಮೈದಾನದಲ್ಲಿ ಗಳಿಸಿದ ಅಂಕ, ಕಡಿತವಾದ ಅಂಕ, ಸಂಬಳದ ಒಟ್ಟು ಮೊತ್ತ, ಲೆಕ್ಕದ ಅವಧಿ ಎಷ್ಟು ತಿಂಗಳು, ಟಿಪ್ಪಣಿ. ಫಂಕ್ಷನ್‌ಗಳಲ್ಲಿ ಸಹಜ ಲಾಗ್, ಸರಾಸರಿ, ಮಾನಕ ವಿಚಲನೆ (ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ), ಸ್ಲೋಪ್ (ಗೆರೆಯ ಓರೆ), ಇಂಟರ್‌ಸೆಪ್ಟ್ (ಗೆರೆ ಲಂಬ ಅಕ್ಷವನ್ನು ಮುಟ್ಟುವ ಜಾಗ), ಆರ್-ಸ್ಕ್ವೇರ್ (ಏರುಪೇರಿನ ಎಷ್ಟು ಪಾಲನ್ನು ಗೆರೆ ವಿವರಿಸುತ್ತದೆ ಎಂಬ 0ರಿಂದ 1ರವರೆಗಿನ ಸಂಖ್ಯೆ) ಮತ್ತು ರ‍್ಯಾಂಡಮ್ ಸಂಖ್ಯೆ ಇಷ್ಟು ಗೊತ್ತಿದ್ದರೆ ಆಯಿತು.

ಟಿಪ್ಪಣಿ ಕಾಲಂ ಅಲಂಕಾರಕ್ಕೆಂದು ಭಾವಿಸಬೇಡಿ. ಒಂದು ಅಂಕಿ ಏಕೆ ತಿದ್ದಲಾಯಿತು ಎಂದು ಅಲ್ಲಿ ಬರೆಯದಿದ್ದರೆ, ಆರು ತಿಂಗಳ ನಂತರ ಆ ತಿದ್ದುಪಡಿಯೇ ತಪ್ಪಿನಂತೆ ಕಾಣುತ್ತದೆ.

ಹೆಸರಿನ ಬದಲು ಸಂಕೇತ ಬಳಸಲು ಕಾರಣವಿದೆ. ಅಂಕಪಟ್ಟಿಯಲ್ಲಿರುವ ಹೆಸರು ಬೇರೆ, ಕಂಪನಿಯ ಹೆಸರು ಬೇರೆ. ವೆಸ್ಟ್ ಹ್ಯಾಮ್‌ನ ಸಮೂಹ ಲೆಕ್ಕ ಸಿಗುವುದು ಡಬ್ಲ್ಯೂಎಚ್ ಹೋಲ್ಡಿಂಗ್ ಎಂಬ ಹೆಸರಿನಲ್ಲಿ, ಸೌತಾಂಪ್ಟನ್‌ನದು ಸೇಂಟ್ ಮೇರೀಸ್ ಫುಟ್‌ಬಾಲ್ ಗ್ರೂಪ್ ಎಂಬ ಹೆಸರಿನಲ್ಲಿ. ಎರಡು ಪಟ್ಟಿಗಳನ್ನು ಹೆಸರಿನ ಮೇಲೆ ಜೋಡಿಸಹೊರಟರೆ ಅರ್ಧ ಸಾಲು ಖಾಲಿ ಬರುತ್ತವೆ. ಮೊದಲೇ ಒಂದು ಹಾಳೆಯಲ್ಲಿ ಸಂಕೇತ, ಲೀಗಿನ ಹೆಸರು, ಕಂಪನಿಯ ಹೆಸರು ಮೂರನ್ನೂ ಎದುರುಬದುರು ಬರೆದಿಟ್ಟುಕೊಳ್ಳಿ.

'ಸಿರಿವಂತಿಕೆ' ಯಾವ ಕಾಲಂ?

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ನಾಲ್ಕು ಆಯ್ಕೆಗಳಿವೆ.

ಮಾಲೀಕನ ಆಸ್ತಿಯನ್ನು ಕೈಬಿಡಿ. ಮಾಲೀಕನ ಬಳಿ ಎಷ್ಟಿದೆ ಎಂಬುದಕ್ಕೂ ಮೈದಾನಕ್ಕೆ ಎಷ್ಟು ಇಳಿಯುತ್ತದೆ ಎಂಬುದಕ್ಕೂ ನಡುವೆ ನಿಯಮಗಳ ಗೋಡೆಯಿದೆ. 2021ರ ಅಕ್ಟೋಬರ್‌ನಲ್ಲಿ ನ್ಯೂಕಾಸಲ್ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ಪಾಲಾಯಿತು. ಆಸ್ತಿಯ ಕಾಲಂ ನೋಡಿದರೆ ಮರುವರ್ಷವೇ ಆ ಕ್ಲಬ್ ಎಲ್ಲರನ್ನೂ ಹಿಂದಿಕ್ಕಬೇಕಿತ್ತು. ಆದರೆ ಆಗ ಜಾರಿಯಲ್ಲಿದ್ದ ಲಾಭ-ನಷ್ಟ ನಿಯಮ ಮೂರು ವರ್ಷಕ್ಕೆ ಗರಿಷ್ಠ 10.5 ಕೋಟಿ ಪೌಂಡ್ ನಷ್ಟವನ್ನಷ್ಟೇ ಒಪ್ಪುತ್ತಿತ್ತು.

ವರ್ಗಾವಣೆಗೆ ಸುರಿದ ಹಣ ಪತ್ರಿಕೆಗಳ ತಲೆಬರಹಕ್ಕೆ ಸರಿ, ಶೀಟ್‌ಗೆ ಸರಿಯಲ್ಲ. ಅದು ಆ ವರ್ಷ ಹೊಸದಾಗಿ ಕೊಂಡವರ ಬೆಲೆ, ತಂಡದಲ್ಲಿರುವ ಎಲ್ಲರ ಬೆಲೆಯಲ್ಲ. ಕಿಲಿಯನ್ ಎಂಬಾಪೆ 2024ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದಾಗ ವರ್ಗಾವಣೆ ಶುಲ್ಕ ಸೊನ್ನೆ. ಈ ಕಾಲಂ ನಂಬಿದರೆ ಆತ ಬಿಟ್ಟಿಯಾಗಿ ಸಿಕ್ಕ ಆಟಗಾರ! ಅರ್ಥಶಾಸ್ತ್ರಜ್ಞ ಸ್ಟೀಫನ್ ಶಿಮಾನ್ಸ್ಕಿ 1978ರಿಂದ 1997ರವರೆಗಿನ 40 ಇಂಗ್ಲಿಷ್ ಕ್ಲಬ್‌ಗಳ ಲೆಕ್ಕ ತೆಗೆದಾಗ, ಕ್ಲಬ್‌ಗಳ ಸರಾಸರಿ ಸ್ಥಾನದಲ್ಲಿನ ಏರುಪೇರಿನ ಶೇ. 92ರಷ್ಟನ್ನು ಸಂಬಳ ವಿವರಿಸಿತು, ವರ್ಗಾವಣೆ ವೆಚ್ಚ ವಿವರಿಸಿದ್ದು ಶೇ. 16 ಮಾತ್ರ. ಈ 92 ಎಂಬ ಸಂಖ್ಯೆಯನ್ನು ಬಹಳ ಮಂದಿ ತಪ್ಪಾಗಿ ಓದುತ್ತಾರೆ, ಆ ವಿಷಯ ಮುಂದೆ ಬರುತ್ತದೆ.

ಆಟಗಾರರ ಅಂದಾಜು ಮಾರುಕಟ್ಟೆ ಬೆಲೆ ಮೂರನೆಯದು. ಸುಲಭವಾಗಿ ಸಿಗುತ್ತದೆ, ಆದರೆ ತಂಡ ಚೆನ್ನಾಗಿ ಆಡಿದ ಮೇಲೆ ಅಂದಾಜು ಮಾಡುವವರೇ ಬೆಲೆ ಏರಿಸುತ್ತಾರೆ. ಗೆಲುವನ್ನೇ ಎರಡು ಸಲ ಅಳೆದಂತಾಗುತ್ತದೆ. ಬಳಸಲೇಬೇಕಿದ್ದರೆ ಋತು ಶುರುವಾಗುವ ಮುಂಚಿನ ದಿನಾಂಕದ ಬೆಲೆಯನ್ನು ಮಾತ್ರ ತೆಗೆದುಕೊಳ್ಳಿ.

ಉಳಿದದ್ದು ಸಂಬಳ. ಒಬ್ಬ ಆಟಗಾರ ಎಷ್ಟು ಒಳ್ಳೆಯವನು ಎಂದು ಮಾರುಕಟ್ಟೆ ಅಂದುಕೊಂಡಿದೆಯೋ ಅದು ಕೊನೆಗೆ ಅವನ ಸಂಬಳದಲ್ಲಿ ಕಾಣಿಸಿಕೊಳ್ಳುತ್ತದೆ. ಬಿಟ್ಟಿ ಬಂದವನೂ ಅಲ್ಲಿದ್ದಾನೆ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನೂ ಅಲ್ಲಿದ್ದಾನೆ.

ಸಂಬಳದ ಅಂಕಿ ತೆಗೆಯುವಾಗ

ಲೆಕ್ಕಪತ್ರದಲ್ಲಿ ಸಿಬ್ಬಂದಿ ವೆಚ್ಚದ ಟಿಪ್ಪಣಿ ಹುಡುಕಿ. ಅದರಲ್ಲಿ ವೇತನ, ಸಾಮಾಜಿಕ ಭದ್ರತೆ, ಪಿಂಚಣಿ ಎಂದು ಮೂರು ಸಾಲಿರುತ್ತವೆ. ಮೂರರ ಮೊತ್ತವೇ ನಿಮ್ಮ ಅಂಕಿ. ಒಂದು ಕ್ಲಬ್‌ಗೆ ವೇತನದ ಸಾಲು ಮಾತ್ರ, ಇನ್ನೊಂದಕ್ಕೆ ಮೊತ್ತ ಎಂದು ಬೆರೆಸಿದರೆ ಶೇ. 10ಕ್ಕಿಂತ ಹೆಚ್ಚಿನ ವ್ಯತ್ಯಾಸ ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ. ಮಾತೃಸಂಸ್ಥೆ ಮತ್ತು ಅಂಗಸಂಸ್ಥೆ ಎರಡೂ ಲೆಕ್ಕ ಸಲ್ಲಿಸಿದ್ದರೆ ಸಮೂಹದ ಕ್ರೋಡೀಕೃತ ಲೆಕ್ಕವನ್ನೇ ತೆಗೆದುಕೊಳ್ಳಿ, ಮತ್ತು ಹತ್ತೂ ವರ್ಷ ಅದೇ ಕಂಪನಿಯದನ್ನು. ಈ ಮೊತ್ತದಲ್ಲಿ ಕಚೇರಿ ಸಿಬ್ಬಂದಿ, ಟಿಕೆಟ್ ವಿಭಾಗ, ಅಕಾಡೆಮಿ ಎಲ್ಲವೂ ಸೇರಿರುತ್ತವೆ, ಬೇರ್ಪಡಿಸಲು ಸಾಧ್ಯವಾಗುವುದು ಅಪರೂಪ. ದೊಡ್ಡ ಮೊತ್ತ ಆಟಗಾರರದ್ದೇ ಆದ್ದರಿಂದ ಇದನ್ನು ಸಹಿಸಿಕೊಳ್ಳಬಹುದು.

ಹಲವು ಕಡತಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟರೆ 3 ಹೋಗಿ 8 ಆಗುವುದು, ಅಲ್ಪವಿರಾಮ ಹೋಗಿ ಚುಕ್ಕೆ ಆಗುವುದು ಮಾಮೂಲು. ಮೂರು ಸಾಲು ಕೂಡಿಸಿದ್ದು ಮುದ್ರಿತ ಮೊತ್ತಕ್ಕೆ ಸರಿಹೊಂದದಿದ್ದರೆ ಸೆಲ್ ಕೆಂಪಾಗುವಂತೆ ನಿಯಮ ಹಾಕಿ. ಲೆಕ್ಕಪತ್ರಗಳು ಸಾಮಾನ್ಯವಾಗಿ ಸಾವಿರ ಪೌಂಡ್‌ಗಳಲ್ಲಿ ಇರುತ್ತವೆ, ಕೆಲವು ಪೂರ್ಣ ಪೌಂಡ್‌ಗಳಲ್ಲಿ. ಎಲ್ಲವನ್ನೂ ಕೋಟಿಗೆ ತನ್ನಿ. 80,400 ಸಾವಿರ ಎಂದರೆ 8.04 ಕೋಟಿ.

ಅವಧಿಯ ಕಾಲಂ ಏಕೆ? ಎಲ್ಲ ಕ್ಲಬ್‌ಗಳ ಲೆಕ್ಕದ ವರ್ಷ ಒಂದೇ ದಿನ ಮುಗಿಯುವುದಿಲ್ಲ. ಹೆಚ್ಚಿನವರದು ಜೂನ್ 30, ಆರ್ಸೆನಲ್‌ನದು ಮೇ 31. ಲೆಸ್ಟರ್ 2023ರಲ್ಲಿ ತನ್ನ ದಿನವನ್ನು ಮೇ 31ರಿಂದ ಜೂನ್ 30ಕ್ಕೆ ಸರಿಸಿತು. ಆ ಒಂದು ತಿಂಗಳೇ ಮುಂದೆ ದೊಡ್ಡ ವ್ಯಾಜ್ಯಕ್ಕೆ ಕಾರಣವಾಗಿ, 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ ಕ್ಲಬ್ ಪರವಾಗಿ ತೀರ್ಪು ಕೊಟ್ಟಿತು. ನಮಗೆ ಬೇಕಾದ್ದು ಅಂಕಗಣಿತ ಮಾತ್ರ: ಆ ಲೆಕ್ಕ 13 ತಿಂಗಳದ್ದು, ಆದ್ದರಿಂದ ಮೊತ್ತವನ್ನು 12ರಿಂದ ಗುಣಿಸಿ 13ರಿಂದ ಭಾಗಿಸಬೇಕು.

2019-20ರ ಸಾಲುಗಳಿಗೆ ಇಷ್ಟು ಸರಳ ಮದ್ದಿಲ್ಲ. ಕೋವಿಡ್‌ನಿಂದ ಆ ಋತು ಜುಲೈ 26ರವರೆಗೆ ಎಳೆಯಿತು. ಜೂನ್ 30ಕ್ಕೆ ಪುಸ್ತಕ ಮುಚ್ಚಿದ ಕ್ಲಬ್‌ಗಳ ಕೊನೆಯ ಪಂದ್ಯಗಳ ಲೆಕ್ಕ ಮುಂದಿನ ವರ್ಷಕ್ಕೆ ಹೋಯಿತು. 2019-20 ಮತ್ತು 2020-21 ಎರಡನ್ನೂ ಕೂಡಿಸಿ ಅರ್ಧ ಮಾಡಿ ಹಾಕುವುದು ಪ್ರಾಮಾಣಿಕ ದಾರಿ, ಟಿಪ್ಪಣಿಯಲ್ಲಿ ಹಾಗೆಂದು ಬರೆಯಿರಿ.

ಅಂಕದ ಕಡೆ: ಒಂದೇ ಸಾಲಿನ ಪರೀಕ್ಷೆ

ಪ್ರತಿ ಪಂದ್ಯದಲ್ಲಿ ಹಂಚಿಕೆಯಾಗುವುದು 3 ಅಂಕ, ಡ್ರಾ ಆದರೆ 2. ಆದ್ದರಿಂದ 380 ಪಂದ್ಯಗಳ ಲೀಗ್‌ನಲ್ಲಿ ಎಲ್ಲ ಕ್ಲಬ್‌ಗಳ ಅಂಕ ಕೂಡಿದರೆ 1140ರಿಂದ ಡ್ರಾಗಳ ಸಂಖ್ಯೆ ಕಳೆದಷ್ಟು ಬರಲೇಬೇಕು. 2015-16ರಲ್ಲಿ ಡ್ರಾ 107, ಅಂಕಗಳ ಮೊತ್ತ 1033. ಸರಿ.

2023-24ರಲ್ಲಿ ಇದೇ ಪರೀಕ್ಷೆ ಸೋಲುತ್ತದೆ. ಡ್ರಾ 82, ಬರಬೇಕಾದ ಮೊತ್ತ 1058, ಅಂತಿಮ ಪಟ್ಟಿಯನ್ನು ಕೂಡಿದರೆ ಸಿಗುವುದು 1046. ಕಾಣೆಯಾದ 12 ಅಂಕ ಮೇಲೆ ಹೇಳಿದ ಲಾಭ-ನಷ್ಟ ನಿಯಮ ಮೀರಿದ್ದಕ್ಕೆ ಕಡಿತವಾದವು: ಎವರ್ಟನ್‌ಗೆ 8, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 4. ಎವರ್ಟನ್ ಮೈದಾನದಲ್ಲಿ ಗಳಿಸಿದ್ದು 48, ಪಟ್ಟಿಯಲ್ಲಿರುವುದು 40. ಕಡಿತವಿಲ್ಲದಿದ್ದರೆ 15ನೇ ಸ್ಥಾನದ ಬದಲು 12ನೆಯದು. ದುಡ್ಡು ಆಟವನ್ನು ಎಷ್ಟು ಬದಲಿಸುತ್ತದೆ ಎಂದು ಅಳೆಯುವಾಗ ಶಿಸ್ತುಕ್ರಮವನ್ನು ಅಳತೆಯೊಳಗೆ ಬಿಡಬಾರದು. ಗಳಿಸಿದ ಅಂಕವನ್ನೇ ಬಳಸಿ, ಸ್ಥಾನವನ್ನು ಅದರಿಂದ ಮತ್ತೆ ಲೆಕ್ಕಹಾಕಿ.

1995ಕ್ಕಿಂತ ಹಿಂದಕ್ಕೆ ಹೋದರೆ 22 ಕ್ಲಬ್, 42 ಪಂದ್ಯ. 1981ಕ್ಕಿಂತ ಹಿಂದೆ ಗೆಲುವಿಗೆ 2 ಅಂಕ. ಹತ್ತು ವರ್ಷದ ಶೀಟ್‌ಗೆ ಇವು ಅಡ್ಡಬರುವುದಿಲ್ಲ, ಉದ್ದದ ಶೀಟ್‌ಗೆ ಬರುತ್ತವೆ.

ಮೊದಲ ಓಟ: 2015-16

ಒಂದೇ ಋತು ಹಾಕಿ ಓಡಿಸಿ. ಆ ವರ್ಷ 20 ಕ್ಲಬ್‌ಗಳ ಸಂಬಳದ ಮೊತ್ತ ಸುಮಾರು 230 ಕೋಟಿ ಪೌಂಡ್. ಮ್ಯಾಂಚೆಸ್ಟರ್ ಯುನೈಟೆಡ್ 23.2 ಕೋಟಿ, ಮ್ಯಾಂಚೆಸ್ಟರ್ ಸಿಟಿ 19.8, ಆರ್ಸೆನಲ್ 19.5, ಟಾಟನ್‌ಹ್ಯಾಮ್ 10, ಆಸ್ಟನ್ ವಿಲ್ಲಾ 9.3, ಲೆಸ್ಟರ್ 8.04. ಅಡ್ಡ ಅಕ್ಷದಲ್ಲಿ ಸಂಬಳದ ಲಾಗ್, ಲಂಬ ಅಕ್ಷದಲ್ಲಿ ಅಂಕ, 20 ಚುಕ್ಕೆಗಳ ನಡುವೆ ಹಾಯುವ ಒಂದು ನೇರ ಗೆರೆ. ಬರುವ ಆರ್-ಸ್ಕ್ವೇರ್ ಸುಮಾರು 0.2. ಸಂಬಳ ಇಮ್ಮಡಿಯಾದರೆ ಸುಮಾರು 10 ಅಂಕ ಹೆಚ್ಚು ಎಂದು ಗೆರೆ ಹೇಳುತ್ತದೆ.

0.92 ಎಂದು ಓದಿ ಬಂದವರಿಗೆ 0.2 ಕಂಡೊಡನೆ ಶೀಟ್ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿಲ್ಲ. ಈ ಹಂತದಲ್ಲಿ ಅಂಕಿಗಳನ್ನು ತಿದ್ದಲು ಹೋಗದೆ, ಎರಡು ಸಂಗತಿಗಳನ್ನು ಬಿಡಿಸಿ ನೋಡಿ.

ಮೊದಲನೆಯದು ಗೆರೆಯಿಂದ ದೂರ ನಿಂತವರು ಯಾರು ಎಂಬುದು. ಲೆಸ್ಟರ್‌ನ ಸಂಬಳಕ್ಕೆ ಗೆರೆ ಕೊಡುವುದು 48 ಅಂಕ, ಬಂದದ್ದು 81. ವಿಲ್ಲಾಗೆ ಕೊಡುವುದು 50, ಬಂದದ್ದು 17. ಒಬ್ಬರು ಸುಮಾರು 33 ಮೇಲೆ, ಇನ್ನೊಬ್ಬರು ಹೆಚ್ಚುಕಡಿಮೆ ಅಷ್ಟೇ ಕೆಳಗೆ. ಸಂಬಳದಲ್ಲಿ ಹತ್ತಿರ ಹತ್ತಿರ ಇದ್ದ ಎರಡು ಕ್ಲಬ್‌ಗಳು ಪಟ್ಟಿಯ ಎರಡು ತುದಿಗಳಲ್ಲಿ. ವಿಲ್ಲಾ ಕೊಟ್ಟದ್ದು ಲೆಸ್ಟರ್‌ಗಿಂತ ಹೆಚ್ಚು. ಲೆಸ್ಟರ್ ಗೆದ್ದ ಕಥೆ ಎಲ್ಲರಿಗೂ ಗೊತ್ತು, ಅದೇ ವರ್ಷ ಅದಕ್ಕಿಂತ ಹೆಚ್ಚು ಸಂಬಳ ಕೊಟ್ಟು ಕೊನೆಯ ಸ್ಥಾನಕ್ಕೆ ಕುಸಿದ ವಿಲ್ಲಾದ ಸಾಲು ನನ್ನ ಮಟ್ಟಿಗೆ ಅಷ್ಟೇ ಮುಖ್ಯ.

ಎರಡನೆಯದು ಸಂಬಳ ಹರಡಿರುವ ಬಗೆ. ಆ ವರ್ಷ ಐದು ಕ್ಲಬ್‌ಗಳು, ಅಂದರೆ ಎರಡೂ ಮ್ಯಾಂಚೆಸ್ಟರ್, ಚೆಲ್ಸಿ, ಲಿವರ್‌ಪೂಲ್ ಮತ್ತು ಆರ್ಸೆನಲ್, 19 ಕೋಟಿಗಿಂತ ಮೇಲೆ. ಆರನೆಯದು ಟಾಟನ್‌ಹ್ಯಾಮ್, 10 ಕೋಟಿ. ನಡುವೆ ಯಾರೂ ಇಲ್ಲ. ಹಾಗಾದರೆ ಇದು ಒಂದು ಗೆರೆಯಲ್ಲ, ಎರಡು ಗುಂಪು. ಐದರ ಸರಾಸರಿ 62.6 ಅಂಕ, ಉಳಿದ ಹದಿನೈದರ ಸರಾಸರಿ 48. ಆ ಐದನ್ನು ತೆಗೆದು ಉಳಿದ ಹದಿನೈದನ್ನು ಮಾತ್ರ ಓಡಿಸಿದರೆ ಆರ್-ಸ್ಕ್ವೇರ್ 0.1ಕ್ಕಿಂತಲೂ ಕೆಳಗೆ ಬೀಳುತ್ತದೆ. 7.5 ಕೋಟಿ ಕೊಟ್ಟವನಿಗೂ 8.5 ಕೋಟಿ ಕೊಟ್ಟವನಿಗೂ ಮೈದಾನದಲ್ಲಿ ಕಾಣುವಂಥ ಅಂತರವಿಲ್ಲ. ದುಡ್ಡು ನಿಮ್ಮನ್ನು ಯಾವ ಅಂತಸ್ತಿನಲ್ಲಿ ಇರಿಸುತ್ತದೆ ಎಂದು ಹೇಳಬಹುದು, ಆ ಅಂತಸ್ತಿನೊಳಗೆ ಯಾವ ಕೋಣೆ ಎಂದು ಹೇಳಲಾಗದು. ಯಾವ ಲೀಗ್‌ನ ಶೀಟ್ ಕಟ್ಟಿದರೂ ಈ ತೆಗೆದು-ಓಡಿಸುವ ಪರೀಕ್ಷೆ ಬಿಡಬೇಡಿ.

ಅದೃಷ್ಟದ ಪಾಲು ಎಷ್ಟು? ಅಳೆದೇ ಬಿಡಿ

ಅದೃಷ್ಟ ಎಂದು ಕೈತೊಳೆದುಕೊಳ್ಳುವುದು ಬೇಡ, ಅದಕ್ಕೂ ಅಳತೆಯಿದೆ. ಎಲ್ಲ ರೀತಿಯಲ್ಲೂ ಮಧ್ಯಮ ತಂಡ ಒಂದನ್ನು ಊಹಿಸಿ: ಗೆಲುವಿನ ಸಾಧ್ಯತೆ 0.375, ಡ್ರಾ 0.25, ಸೋಲು 0.375. ಪಂದ್ಯಕ್ಕೆ ಸರಾಸರಿ ಅಂಕ 1.375. ಅಂಕದ ವರ್ಗದ ಸರಾಸರಿ 9 × 0.375 + 1 × 0.25, ಅಂದರೆ 3.625. ಅದರಿಂದ 1.375ರ ವರ್ಗ ಕಳೆದರೆ 1.734. 38 ಪಂದ್ಯಕ್ಕೆ 65.9. ವರ್ಗಮೂಲ 8.1.

ತಂಡದ ಶಕ್ತಿ ಒಂದಿಷ್ಟೂ ಬದಲಾಗದೆ, ಬರೀ ಪಂದ್ಯಗಳು ಹೇಗೆ ಬಿದ್ದವು ಎಂಬುದರಿಂದಲೇ ಋತುವಿನ ಅಂಕ 8 ಮೇಲೆ ಕೆಳಗೆ ಆಗುತ್ತದೆ. ನಂಬಿಕೆ ಬರದಿದ್ದರೆ 38 ಕಾಲಂ, 1000 ಸಾಲುಗಳಲ್ಲಿ ರ‍್ಯಾಂಡಮ್ ಸಂಖ್ಯೆ ತುಂಬಿ. 0.375ಕ್ಕಿಂತ ಕಡಿಮೆಯಿದ್ದರೆ 3, 0.625ಕ್ಕಿಂತ ಕಡಿಮೆಯಿದ್ದರೆ 1, ಇಲ್ಲದಿದ್ದರೆ 0. ಸಾಲುಗಳ ಮೊತ್ತದ ಮಾನಕ ವಿಚಲನೆ 8ರ ಸುತ್ತಲೇ ನಿಲ್ಲುತ್ತದೆ. ಬಲಿಷ್ಠ ತಂಡಕ್ಕೆ ಇದು ಸ್ವಲ್ಪ ಕಡಿಮೆ. ಗೆಲುವು 0.72, ಡ್ರಾ 0.16 ಎಂದು ಹಾಕಿದರೆ 7ರ ಹತ್ತಿರ.

ಈಗ ಈ ಸಂಖ್ಯೆಯನ್ನು ನಿಜವಾದ ಪಟ್ಟಿಯ ಪಕ್ಕದಲ್ಲಿಡಿ. 2015-16ರಲ್ಲಿ 20 ಕ್ಲಬ್‌ಗಳ ಅಂಕದ ಮಾನಕ ವಿಚಲನೆ 15, ಅದರ ವರ್ಗ 226. ಅದರಲ್ಲಿ ಅದೃಷ್ಟದ ಪಾಲು 66, ಶೇ. 29. ಅಂದರೆ ಪ್ರತಿ ತಂಡದ ನಿಜವಾದ ಶಕ್ತಿ ದೇವರಿಗೆ ಗೊತ್ತಿರುವಷ್ಟೇ ನಿಖರವಾಗಿ ನಿಮಗೂ ಗೊತ್ತಿದ್ದರೂ ಆರ್-ಸ್ಕ್ವೇರ್ ಸುಮಾರು 0.71ಕ್ಕಿಂತ ಮೇಲೆ ಹೋಗುವಂತಿರಲಿಲ್ಲ. 2023-24ರಲ್ಲಿ ತುದಿಗಳು ದೂರ ಸರಿದಿದ್ದವು. ಸಿಟಿ 91, ಶೆಫೀಲ್ಡ್ ಯುನೈಟೆಡ್ 16. ವಿಚಲನೆ 19.7, ವರ್ಗ 389, ಅದೃಷ್ಟದ ಪಾಲು ಶೇ. 17. ಆ ವರ್ಷದ ಛಾವಣಿ 0.83. ಪ್ರತಿ ಋತುವಿಗೂ ಈ ಛಾವಣಿಯನ್ನು ಒಂದು ಸೆಲ್‌ನಲ್ಲಿ ಬರೆದು, ನಿಮ್ಮ ಆರ್-ಸ್ಕ್ವೇರ್ ಅನ್ನು ಅದಕ್ಕೆ ಹೋಲಿಸಿ, ಒಂದಕ್ಕಲ್ಲ.

ಲೆಸ್ಟರ್‌ನ 33 ಅಂಕ ಈ 8ರ ನಾಲ್ಕು ಪಟ್ಟು. ಅಷ್ಟನ್ನೂ ಬರೀ ಅದೃಷ್ಟ ಎನ್ನಲು ಲೆಕ್ಕ ಒಪ್ಪುವುದಿಲ್ಲ. ಸಂಬಳಕ್ಕಿಂತ ಆಟ ದೊಡ್ಡದಾಗಿದ್ದ ಆಟಗಾರರು ಅಲ್ಲಿದ್ದರು. ಎನ್‌ಗೊಲೊ ಕಾಂಟೆ 2015ರಲ್ಲಷ್ಟೇ ಫ್ರಾನ್ಸಿನ ಕಾನ್ ಕ್ಲಬ್‌ನಿಂದ ಬಂದವನು. ಮಾರುಕಟ್ಟೆ ಅವನ ಬೆಲೆಯನ್ನು ಇನ್ನೂ ಸರಿಯಾಗಿ ಅಳೆದಿರಲಿಲ್ಲ. ಮರುವರ್ಷ ಅಳೆಯಿತು: ಕಾಂಟೆ ಚೆಲ್ಸಿಗೆ ಹೋದ, ಲೆಸ್ಟರ್‌ನ ಸಂಬಳ 11 ಕೋಟಿ ದಾಟಿತು, ಅಂಕ 44ಕ್ಕೆ ಇಳಿದು ಸ್ಥಾನ 12 ಆಯಿತು.

ರಿಪೇರಿ ಒಂದು: ಪೌಂಡ್ ಬಿಟ್ಟು ಅನುಪಾತ

ಹಲವು ಋತುಗಳನ್ನು ಒಟ್ಟಿಗೆ ಸುರಿದಾಗ ಶೀಟ್ ನಿಜಕ್ಕೂ ಕೆಡುತ್ತದೆ. ಲೀಗ್‌ನ ಒಟ್ಟು ಸಂಬಳ 2015-16ರ 230 ಕೋಟಿಯಿಂದ 2022-23ಕ್ಕೆ ಸುಮಾರು 400 ಕೋಟಿಗೆ ಏರಿತು. ಹಂಚಿಕೆಯಾಗುವ ಅಂಕ ಮಾತ್ರ ಅಷ್ಟೇ. ಹಾಗಾಗಿ ಪ್ರತಿ ಕ್ಲಬ್‌ನ ಸಂಬಳವನ್ನು ಅದೇ ಋತುವಿನ ಲೀಗ್ ಸರಾಸರಿಯಿಂದ ಭಾಗಿಸಿ, ಆಮೇಲೆ ಲಾಗ್ ತೆಗೆಯಿರಿ. ಭಾಗಿಸುವ ಮುನ್ನ 20 ಕ್ಲಬ್‌ಗಳ ಸಾಲೂ ತುಂಬಿದೆಯೇ ನೋಡಿ. ಒಂದು ದೊಡ್ಡ ಕ್ಲಬ್‌ನ ಸೆಲ್ ಖಾಲಿಯಿದ್ದರೆ ಸರಾಸರಿ ಕುಸಿದು ಎಲ್ಲರೂ ಸಿರಿವಂತರಾಗಿ ಕಾಣುತ್ತಾರೆ.

ಈ ರಿಪೇರಿಯ ನಂತರ ಲೆಸ್ಟರ್‌ನ ಎರಡು ಸಾಲುಗಳನ್ನು ಅಕ್ಕಪಕ್ಕ ನೋಡಿ. ಚಾಂಪಿಯನ್ ಆದ ವರ್ಷದ ಅನುಪಾತ ಸುಮಾರು 0.7. 2022-23ರಲ್ಲಿ ಸಂಬಳ 20.6 ಕೋಟಿ, ಅವಧಿ ಸರಿಪಡಿಸಿದರೆ 19 ಕೋಟಿ, ಅನುಪಾತ ಸುಮಾರು 0.95. ಆ ವರ್ಷ 34 ಅಂಕ, 18ನೇ ಸ್ಥಾನ, ಹಿಂಬಡ್ತಿ (ಎರಡನೇ ಹಂತದ ಲೀಗ್‌ಗೆ ಇಳಿಕೆ). ಅನುಪಾತ ಏರಿದ ವರ್ಷವೇ ಕ್ಲಬ್ ಕೆಳಗಿಳಿಯಿತು. ಒಂದು ಋತುವಿನ ಮೇಲೆ ದುಡ್ಡಿನ ಹಿಡಿತ ಎಷ್ಟು ಸಡಿಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ರಿಪೇರಿ ಎರಡು: ಸ್ಥಾನವನ್ನು ಹಿಗ್ಗಿಸುವುದು

ಅಂಕದ ಬದಲು ಸ್ಥಾನ ಬಳಸುವವರು ಅದನ್ನು ಹಾಗೇ ಹಾಕಬಾರದು. 11ರಿಂದ 10ಕ್ಕೆ ಏರುವುದೂ 2ರಿಂದ 1ಕ್ಕೆ ಏರುವುದೂ ಒಂದೇ ಬೆಲೆಯವಲ್ಲ. 20 ಕ್ಲಬ್‌ಗಳ ಲೀಗ್‌ಗೆ, 21ರಿಂದ ಸ್ಥಾನವನ್ನು ಕಳೆದು, ಬಂದದ್ದನ್ನು ಸ್ಥಾನದಿಂದ ಭಾಗಿಸಿ, ಅದರ ಸಹಜ ಲಾಗ್ ತೆಗೆಯಿರಿ. ಮೊದಲ ಸ್ಥಾನಕ್ಕೆ 3.00, ಎರಡಕ್ಕೆ 2.25, ಮೂರಕ್ಕೆ 1.79, ಹತ್ತಕ್ಕೆ 0.10, ಇಪ್ಪತ್ತಕ್ಕೆ −3.00. ತುದಿಯಲ್ಲಿ ಮೆಟ್ಟಿಲು ಎತ್ತರ, ನಡುವೆ ತಗ್ಗು. 18 ಕ್ಲಬ್‌ಗಳ ಲೀಗ್ ಆದರೆ 21ರ ಜಾಗದಲ್ಲಿ 19.

ರಿಪೇರಿ ಮೂರು: ಹತ್ತು ವರ್ಷದ ಸರಾಸರಿ, ಮತ್ತು ಅದರೊಳಗಿನ ಬಲೆ

ಪ್ರತಿ ಕ್ಲಬ್‌ನ ಹತ್ತು ವರ್ಷದ ಅನುಪಾತದ ಸರಾಸರಿ ಒಂದು ಕಡೆ, ಹತ್ತು ವರ್ಷದ ಸ್ಥಾನದ ಸರಾಸರಿ ಇನ್ನೊಂದು ಕಡೆ. ಅದೃಷ್ಟದ 8.1 ಅಂಕ ಹತ್ತರ ವರ್ಗಮೂಲದಿಂದ ಭಾಗವಾಗಿ 2.6ಕ್ಕೆ ಇಳಿಯುತ್ತದೆ. ಗಾಯ, ಒಬ್ಬ ತರಬೇತುದಾರನ ಒಳ್ಳೆಯ ವರ್ಷ, ಕೆಟ್ಟ ವರ್ಷ ಎಲ್ಲವೂ ಒಂದನ್ನೊಂದು ತಿಂದುಹಾಕುತ್ತವೆ. ಆರ್-ಸ್ಕ್ವೇರ್ ಎದ್ದು ಕಾಣುವಷ್ಟು ಮೇಲೇರುತ್ತದೆ. ಶಿಮಾನ್ಸ್ಕಿಯ ಶೇ. 92 ಇಂಥ ಸರಾಸರಿಯ ಸಂಖ್ಯೆ. ಪಂದ್ಯದ ಶೇ. 92 ಭಾಗವನ್ನು ದುಡ್ಡು ತೀರ್ಮಾನಿಸುತ್ತದೆ ಎಂದಾಗಲಿ, ಈ ವರ್ಷದ ಪಟ್ಟಿಯನ್ನು ಶೇ. 92ರಷ್ಟು ಊಹಿಸಬಹುದು ಎಂದಾಗಲಿ ಅದರ ಅರ್ಥವಲ್ಲ. ದೀರ್ಘಕಾಲದಲ್ಲಿ ಒಂದು ಕ್ಲಬ್ ಯಾವ ಎತ್ತರದಲ್ಲಿ ಬಾಳುತ್ತದೆ ಎಂಬುದಕ್ಕಷ್ಟೇ ಅದು ಉತ್ತರ.

ಬಲೆ ಎಂದರೆ, ಹತ್ತು ವರ್ಷವೂ ಮೇಲಿನ ಲೀಗ್‌ನಲ್ಲೇ ಇದ್ದ ಕ್ಲಬ್‌ಗಳು ಕಡಿಮೆ. 1992ರಿಂದ ಒಮ್ಮೆಯೂ ಕೆಳಗಿಳಿಯದವು ಆರ್ಸೆನಲ್, ಚೆಲ್ಸಿ, ಎವರ್ಟನ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್, ಟಾಟನ್‌ಹ್ಯಾಮ್ ಆರೇ. ಎರಡು ವರ್ಷ ಬಂದುಹೋದ ಕ್ಲಬ್‌ನ ಸರಾಸರಿಯನ್ನೂ ಹತ್ತು ವರ್ಷದ ಸರಾಸರಿಯನ್ನೂ ಸಮಾನವಾಗಿ ತೂಗಬಾರದು. ಎರಡನೇ ಹಂತದ 24 ಕ್ಲಬ್‌ಗಳನ್ನೂ ಸೇರಿಸಿ 44 ಸ್ಥಾನಗಳ ಒಂದೇ ಏಣಿ ಮಾಡುವುದು ಸರಿಯಾದ ರಿಪೇರಿ. ಎರಡನೇ ಹಂತದ ಚಾಂಪಿಯನ್ 21ನೆಯವನು, ಸೂತ್ರದಲ್ಲಿ 21ರ ಬದಲು 45, ಅನುಪಾತಕ್ಕೆ 44 ಕ್ಲಬ್‌ಗಳ ಸರಾಸರಿ. ಆಗ ಹಿಂಬಡ್ತಿಯಾದ ಕ್ಲಬ್ ಶೀಟ್‌ನಿಂದ ಮಾಯವಾಗುವುದಿಲ್ಲ. ಕೆಲಸ ಮಾತ್ರ ಇಮ್ಮಡಿ: 200 ಸಾಲಿನ ಬದಲು 440.

ಗೆದ್ದದ್ದರಿಂದ ದುಡ್ಡೋ, ದುಡ್ಡಿನಿಂದ ಗೆಲುವೋ?

ಗಟ್ಟಿ ಸಂಬಂಧ ಕಂಡ ಮೇಲೂ ಈ ಪ್ರಶ್ನೆ ಉಳಿಯುತ್ತದೆ. ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ತಲುಪಿದರೆ ಬಹುಮಾನದ ಹಣ, ಅದರಿಂದ ಸಂಬಳ. ಮೇಲಾಗಿ ಆಟಗಾರರ ಒಪ್ಪಂದದಲ್ಲೇ ಗೆಲುವಿನ ಬೋನಸ್ ಇರುತ್ತದೆ, ಅದು ಅದೇ ವರ್ಷದ ಸಂಬಳದ ಸಾಲಿಗೆ ಸೇರುತ್ತದೆ. ಎರಡನೇ ಹಂತದಿಂದ ಬಡ್ತಿ ಪಡೆದ ಕ್ಲಬ್‌ಗಳಲ್ಲಿ ಇದು ಜೋರು. ಬಡ್ತಿಯ ಬೋನಸ್‌ನಿಂದ ಉಬ್ಬಿದ ಸಂಬಳ ನೋಡಿ ದುಡ್ಡು ಬಡ್ತಿ ತಂದಿತು ಎಂದರೆ ಕಾರಣ ತಲೆಕೆಳಗಾದಂತೆ. ಕೆಲವು ಲೆಕ್ಕಪತ್ರಗಳು ಬೋನಸ್ ಎಷ್ಟೆಂದು ಹೇಳುತ್ತವೆ. ಹೇಳಿದ್ದರೆ ಕಳೆಯಿರಿ.

ಹೇಳದಿದ್ದಾಗ ಎರಡು ಸಾಧನಗಳಿವೆ. ಒಂದು, ಹಿಂದಿನ ವರ್ಷದ ಅನುಪಾತದಿಂದ ಈ ವರ್ಷದ ಅಂಕ ಊಹಿಸುವುದು. ಕ್ಲಬ್ ಸಂಕೇತ ಮತ್ತು ಋತುವಿನ ಮೇಲೆ ಸಾಲುಗಳನ್ನು ವಿಂಗಡಿಸಿ ಒಂದು ಸಾಲು ಕೆಳಗೆ ಸರಿಸಿದರೆ ಸಾಕು, ಆದರೆ ಕ್ಲಬ್ ಬದಲಾಗುವ ಗಡಿಯಲ್ಲಿ ಒಬ್ಬರ ಸಂಬಳ ಇನ್ನೊಬ್ಬರ ಸಾಲಿಗೆ ಜಾರುತ್ತದೆ. ಸಂಕೇತ ಹೊಂದದಿದ್ದರೆ ಸೆಲ್ ಖಾಲಿ ಬಿಡುವಂತೆ ನಿಯಮ ಹಾಕಿ.

ಇನ್ನೊಂದು ಹೆಚ್ಚು ಬಲವಾದದ್ದು: ಗೆಲುವಿನಿಂದ ಬರದ, ಹೊರಗಿನಿಂದ ಸುರಿದ ದುಡ್ಡು ಏನು ಮಾಡಿತು ಎಂದು ನೋಡುವುದು. ಚೆಲ್ಸಿಯನ್ನು ರೋಮನ್ ಅಬ್ರಮೋವಿಚ್ 2003ರಲ್ಲಿ ಕೊಂಡರು. ಅದಕ್ಕೆ ಮುಂಚಿನ ಋತು 67 ಅಂಕ, ಆಮೇಲೆ 79, ಆಮೇಲೆ 95 ಮತ್ತು ಪ್ರಶಸ್ತಿ. ಪ್ಯಾರಿಸ್ ಸೇಂಟ್ ಜರ್ಮೇನ್ 2011ರಲ್ಲಿ ಕತಾರಿನವರ ಕೈಗೆ ಹೋಯಿತು: 60, 79, 83 ಮತ್ತು ಪ್ರಶಸ್ತಿ. ಮ್ಯಾಂಚೆಸ್ಟರ್ ಸಿಟಿ ಕೈಬದಲಾದದ್ದು 2008ರ ಸೆಪ್ಟೆಂಬರ್‌ನಲ್ಲಿ, ಆಟಗಾರರ ವರ್ಗಾವಣೆ ಅವಧಿ ಮುಗಿಯುವ ಹೊತ್ತಿಗೆ. 55 ಅಂಕ ಇದ್ದದ್ದು ಆ ಋತುವಿನಲ್ಲಿ 50ಕ್ಕೆ ಇಳಿಯಿತು, ಆಮೇಲೆ 67, 71, 89. ಹಣ ಬಂದ ದಿನವೇ ತಂಡ ಬರುವುದಿಲ್ಲ, ಎರಡರಿಂದ ನಾಲ್ಕು ಋತು ಹಿಡಿಯುತ್ತದೆ. ಹಣ ನಿಂತರೆ ಉಲ್ಟಾ ದಾರಿ. ಮಾಲಗಾ 2010ರಲ್ಲಿ ಹೊಸ ಮಾಲೀಕನ ಪಾಲಾಗಿ 2011-12ರಲ್ಲಿ ಸ್ಪೇನ್‌ನ ನಾಲ್ಕನೇ ಸ್ಥಾನಕ್ಕೇರಿತು, ಹಣದ ಹರಿವು ಬತ್ತಿದ ಮೇಲೆ 2017-18ರಲ್ಲಿ ಕೊನೆಯ ಸ್ಥಾನಕ್ಕಿಳಿದು ಕೆಳ ಹಂತಕ್ಕೆ ಹೋಯಿತು.

ಎಚ್ಚರವಿರಲಿ, ಈ ಪಟ್ಟಿ ಪ್ರಸಿದ್ಧರದ್ದು. ಸರಿಯಾಗಿ ಮಾಡಬೇಕೆಂದರೆ ಫಲಿತಾಂಶದ ಕಾಲಂ ಮುಚ್ಚಿಟ್ಟು, ಆ ಲೀಗ್‌ನ ಎಲ್ಲ ಮಾಲೀಕತ್ವ ಬದಲಾವಣೆಗಳನ್ನೂ ಮೊದಲು ಬರೆದುಕೊಳ್ಳಿ. ಚೆಲ್ಸಿಯೇ 2022ರಲ್ಲಿ ಮತ್ತೆ ಕೈಬದಲಾಗಿ, ಭಾರಿ ಖರೀದಿ ಮಾಡಿ, 2022-23ರಲ್ಲಿ 44 ಅಂಕದೊಂದಿಗೆ 12ನೆಯದಾಯಿತು. ಅದೂ ಪಟ್ಟಿಯಲ್ಲಿರಬೇಕು.

ಕಪ್ ಗೆಲುವುಗಳನ್ನು ಯಶಸ್ಸಿನ ಕಾಲಂಗೆ ಸೇರಿಸಬೇಡಿ. ಐದಾರು ಪಂದ್ಯಗಳಲ್ಲಿ ಅದೃಷ್ಟ ಕರಗುವುದಿಲ್ಲ. ವಿಗನ್ 2013ರಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನೇ ಫೈನಲ್‌ನಲ್ಲಿ ಸೋಲಿಸಿ ಎಫ್‌ಎ ಕಪ್ ಎತ್ತಿತು, ಅದೇ ಋತುವಿನಲ್ಲಿ ಲೀಗ್‌ನಿಂದ ಹಿಂಬಡ್ತಿ ಪಡೆಯಿತು.

ಬೇರೆ ಲೀಗ್‌ಗೆ ಒಯ್ಯುವಾಗ

ಜರ್ಮನಿಯಲ್ಲಿ ಲೀಗ್ ಸಂಸ್ಥೆ ಡಿಎಫ್‌ಎಲ್ ಪ್ರತಿ ಕ್ಲಬ್‌ನ ಹಣಕಾಸು ಅಂಕಿಗಳನ್ನು ಪ್ರಕಟಿಸುತ್ತದೆ, ಫ್ರಾನ್ಸಿನಲ್ಲಿ ಕ್ಲಬ್‌ಗಳ ಹಣಕಾಸಿನ ಮೇಲೆ ಕಣ್ಣಿಡುವ ಡಿಎನ್‌ಸಿಜಿ. ಸ್ಪೇನ್‌ನ ಲಾಲೀಗಾ ಪ್ರಕಟಿಸುವುದು ತಂಡದ ವೆಚ್ಚದ ಮಿತಿಯನ್ನು, ವೆಚ್ಚವನ್ನಲ್ಲ. ಇವೆರಡನ್ನು ಒಂದೆಂದು ಹಾಕಿದ ಶೀಟ್‌ಗಳು ಸಾಕಷ್ಟಿವೆ. ದೇಶದಿಂದ ದೇಶಕ್ಕೆ ಉದ್ಯೋಗದಾತ ಕಟ್ಟುವ ಸಾಮಾಜಿಕ ಭದ್ರತೆಯ ದರ ಬೇರೆ, ಆದ್ದರಿಂದ ಅನುಪಾತ ಯಾವಾಗಲೂ ಆಯಾ ಲೀಗ್‌ನೊಳಗೇ.

ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲೀಗಾದ ಶೀಟ್‌ನಲ್ಲಿ ಒಂದು ಕ್ಲಬ್ ಇಡೀ ಗೆರೆಯನ್ನು ಎಳೆಯುತ್ತದೆ. ಬಾಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ಪ್ರಶಸ್ತಿ ಗೆದ್ದಿತು. ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಓಡಿಸಿ, ಎರಡೂ ಸಂಖ್ಯೆ ಬರೆಯಿರಿ. 2023-24ರ ಸಾಲು ಟಿಪ್ಪಣಿ ಬೇಡುತ್ತದೆ: ಲೆವರ್ಕೂಸನ್ 28 ಗೆದ್ದು, 6 ಡ್ರಾ ಮಾಡಿ, ಒಂದೂ ಸೋಲದೆ 90 ಅಂಕ. ಬಾಯರ್ನ್ 72, ಮೂರನೇ ಸ್ಥಾನ.

ಪ್ರತಿ ವರ್ಷ ಸಾಲು ಸೇರಿಸುವ ಹೊತ್ತು

ಇಂಗ್ಲೆಂಡಿನ ಖಾಸಗಿ ಕಂಪನಿಗಳಿಗೆ ಲೆಕ್ಕ ಸಲ್ಲಿಸಲು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳ ಕಾಲಾವಕಾಶ. ಜೂನ್ 30ರವರಿಗೆ ಅದು ಮುಗಿಯುವುದು ಮಾರ್ಚ್ 31ಕ್ಕೆ. ಏಪ್ರಿಲ್ ಎರಡನೇ ವಾರದವರೆಗೆ ಕಾದು ಎಲ್ಲ 20 ಕ್ಲಬ್‌ಗಳನ್ನು ಒಟ್ಟಿಗೆ ತುಂಬಿ. ಅರ್ಧ ಕ್ಲಬ್‌ಗಳ ಲೆಕ್ಕ ಬಂದಾಗಲೇ ಓಡಿಸಿದರೆ ಸರಾಸರಿ ತಪ್ಪಿ ಅನುಪಾತಗಳೆಲ್ಲ ವಾಲುತ್ತವೆ. ಹಳೆಯ ಸಾಲುಗಳನ್ನೂ ಆಗಲೇ ಮತ್ತೊಮ್ಮೆ ನೋಡಿ. ಹೊಸ ಲೆಕ್ಕಪತ್ರದಲ್ಲಿ ಹಿಂದಿನ ವರ್ಷದ ಅಂಕಿಯನ್ನು ತಿದ್ದಿ ಮುದ್ರಿಸಿರುವುದುಂಟು. ತಿದ್ದಿದ್ದರೆ ಹೊಸದನ್ನು ಹಾಕಿ, ಹಳೆಯದನ್ನು ಟಿಪ್ಪಣಿಗೆ ಸರಿಸಿ, ಅಂಕದ ಮೊತ್ತದ ಪರೀಕ್ಷೆ ಓಡಿಸಿ, ಆಮೇಲಷ್ಟೇ ಆರ್-ಸ್ಕ್ವೇರ್ ಸೆಲ್ ತೆರೆಯಿರಿ.